ಏಳನೆಯ ಸಾಲು: ಹಿನ್ನೆಲೆ ಪರಿಶೀಲನಾ ಸೇವೆಯೊಂದನ್ನು ಬಳಸಿದ ಅನುಭವ

ರಾಜರಾಜೇಶ್ವರಿ ನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ 140 ಮನೆಗಳಿವೆ. ಇಲ್ಲಿನ ಮಕ್ಕಳೊಂದಿಗೆ ದಿನವೂ ಒಡನಾಟವಿರುವ ಹೊರಗಿನವರು ಹನ್ನೊಂದು ಮಂದಿ: ಶಾಲಾ ವ್ಯಾನಿನ ಮೂವರು ಚಾಲಕರು, ಈಜು ಕಲಿಸುವವರು, ಸಂಜೆ ಚೆಸ್ ಮತ್ತು ಭರತನಾಟ್ಯ ಹೇಳಿಕೊಡುವವರು, ಉಳಿದವರು ಸೆಕ್ಯೂರಿಟಿ ಸಿಬ್ಬಂದಿ. ಕಳೆದ ವರ್ಷ ಬೇಸಿಗೆ ಶಿಬಿರ ಆರಂಭವಾಗುವ ಮುನ್ನ ಇವರೆಲ್ಲರ ಹಿನ್ನೆಲೆಯನ್ನು ಪರಿಶೀಲಿಸಬೇಕೆಂದು ಪೋಷಕರು ಒತ್ತಾಯಿಸಿದ್ದರಿಂದ ನಿವಾಸಿಗಳ ಸಂಘವು ನಗರದ ಖಾಸಗಿ ಸಂಸ್ಥೆಯೊಂದಕ್ಕೆ ಆ ಕೆಲಸವನ್ನು ಒಪ್ಪಿಸಿತು. ಸಂಘದ ಜಂಟಿ ಕಾರ್ಯದರ್ಶಿಯಾಗಿ ಕಾಗದಪತ್ರದ ವ್ಯವಹಾರವೆಲ್ಲ ನನ್ನ ಪಾಲಿಗೆ ಬಂದಿತ್ತು. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ನನ್ನ ತಕರಾರು ಆ ಸಂಸ್ಥೆಗಿಂತ ಹೆಚ್ಚಾಗಿ ಅದರ ವರದಿಯಲ್ಲಿದ್ದ ಒಂದು ಸಾಲಿನ ಮೇಲಿದೆ.

ಅವರ ದರಪಟ್ಟಿಯಲ್ಲಿ ಎರಡು ಬಗೆಗಳಿದ್ದವು. ಸಾಮಾನ್ಯ ಪರಿಶೀಲನೆಗೆ ತಲಾ 900 ರೂಪಾಯಿ; ಅದರಲ್ಲಿ ಗುರುತಿನ ಚೀಟಿ, ವಿಳಾಸ, ಚಾಲನಾ ಪರವಾನಗಿ, ಹಿಂದಿನ ಕೆಲಸ, ನ್ಯಾಯಾಲಯದ ದಾಖಲೆ ಮುಂತಾಗಿ ಆರು ಅಂಶಗಳು. ಇನ್ನೂ 450 ರೂಪಾಯಿ ಕೊಟ್ಟರೆ ಏಳನೆಯ ಅಂಶವಾಗಿ ‘ಲೈಂಗಿಕ ಅಪರಾಧಿಗಳ ನೋಂದಣಿ ಪರಿಶೀಲನೆ’ ಸೇರುತ್ತದೆ. ಸಂಘದ ಸಭೆಯಲ್ಲಿ ಇದರ ಬಗ್ಗೆ ಚರ್ಚೆಯೇ ನಡೆಯಲಿಲ್ಲ. ಲಿಫ್ಟ್ ನಿರ್ವಹಣೆಯ ಗುತ್ತಿಗೆಯಲ್ಲಿ ನೂರು ರೂಪಾಯಿಗೂ ಜಗ್ಗಾಡುವ ನಮ್ಮ ಸದಸ್ಯರು ಇಲ್ಲಿ ಸುಮ್ಮನಿದ್ದರು. ಮಕ್ಕಳ ಸುರಕ್ಷತೆಯಲ್ಲಿ ಚೌಕಾಸಿ ಮಾಡಿದವರು ಎನಿಸಿಕೊಳ್ಳಲು ಯಾರಿಗೂ ಮನಸ್ಸಿರಲಿಲ್ಲ, ನನಗೂ ಇರಲಿಲ್ಲ. ಹನ್ನೊಂದು ಮಂದಿಗೆ ಹೆಚ್ಚುವರಿಯಾಗಿ 4,950 ರೂಪಾಯಿ ಮಂಜೂರಾಯಿತು.

ಮೊದಲ ಆರು ಅಂಶಗಳ ಕೆಲಸವನ್ನು ಅವರು ಚೆನ್ನಾಗಿಯೇ ಮಾಡಿದರೆಂದು ಹೇಳಬೇಕು. ವಿಳಾಸ ಪರಿಶೀಲನೆಗೆ ಫೋನಿನಲ್ಲಿ ಕೇಳಿ ಮುಗಿಸದೆ ಮನೆಗೇ ಹೋಗಿದ್ದರು. ಚಾಲಕರೊಬ್ಬರ ಪರವಾನಗಿಯ ಅವಧಿ ಮುಗಿದು ಎರಡು ತಿಂಗಳಾಗಿದ್ದುದು, ಕಾವಲುಗಾರರೊಬ್ಬರು ಹಿಂದಿನ ಕೆಲಸದ ಬಗ್ಗೆ ಹೇಳಿದ್ದ ವರ್ಷಗಳು ತಾಳೆಯಾಗದಿದ್ದುದು ಗೊತ್ತಾದದ್ದು ಇವರಿಂದಲೇ. ಆರು ದಿನಗಳಲ್ಲಿ ವರದಿ ಕೈಸೇರಿತು.

ಏಳನೆಯ ಸಾಲಿನಲ್ಲಿ ಹತ್ತು ಮಂದಿಯ ಹೆಸರಿನ ಮುಂದೆ ಹಸಿರು ಬಣ್ಣದಲ್ಲಿ ‘ದಾಖಲೆ ಕಂಡುಬಂದಿಲ್ಲ’ ಎಂದಿತ್ತು. ವ್ಯಾನ್ ಚಾಲಕರೊಬ್ಬರ ಮುಂದೆ ಮಾತ್ರ ಕಿತ್ತಳೆ ಬಣ್ಣದಲ್ಲಿ ‘ಸಂಭವನೀಯ ಹೊಂದಾಣಿಕೆ’ ಎಂದಿತ್ತು. ಅವರ ಹೆಸರು ಮಂಜುನಾಥ, ನಾಗರಾಜ ಎಂಬಂತೆ ನಮ್ಮಲ್ಲಿ ಊರಿಗೆ ಹತ್ತು ಜನರಿಗಿರುವ ಹೆಸರು. ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ದಾಖಲೆಯಲ್ಲಿ ಕೊನೆಗೆ ‘ಎ’ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ, ಇನಿಶಿಯಲ್ ಒಮ್ಮೆ ಹೆಸರಿನ ಮುಂದೆ, ಒಮ್ಮೆ ಹಿಂದೆ. ಸಂಸ್ಥೆಗೆ ಫೋನ್ ಮಾಡಿ ಯಾವ ನೋಂದಣಿಯಲ್ಲಿ ಈ ಹೊಂದಾಣಿಕೆ ಸಿಕ್ಕಿತೆಂದು ಕೇಳಿದೆ. ಮೊದಲು ಬಂದ ಉತ್ತರ ‘ರಾಷ್ಟ್ರೀಯ ದತ್ತಾಂಶ’ ಎಂದು. ಲಿಖಿತವಾಗಿ ಕೊಡಿ ಎಂದಾಗ ಅದು ‘ಸಾರ್ವಜನಿಕ ಮೂಲಗಳು’ ಎಂದಾಯಿತು. ಮೂರನೆಯ ಇಮೇಲಿನಲ್ಲಿ ‘ವಿದೇಶಗಳ ಸಾರ್ವಜನಿಕ ನೋಂದಣಿಗಳು ಹಾಗೂ ದೇಶೀಯ ನ್ಯಾಯಾಲಯಗಳ ಜಾಲತಾಣ’ ಎಂಬ ವಿವರಣೆ ಬಂತು. ಅಂದರೆ, ಪಾಸ್‌ಪೋರ್ಟೇ ಇಲ್ಲದ ನಮ್ಮ ಚಾಲಕರನ್ನು ಅಮೆರಿಕದ ಪಟ್ಟಿಯಲ್ಲಿ ಹುಡುಕಿದ್ದರು, ಮತ್ತು ಆರನೆಯ ಅಂಶಕ್ಕೆಂದು ಈಗಾಗಲೇ ಹಣ ಪಡೆದಿದ್ದ ನ್ಯಾಯಾಲಯದ ಹುಡುಕಾಟವನ್ನೇ ಏಳನೆಯದೆಂದು ಎರಡನೆಯ ಬಾರಿ ಮಾರಿದ್ದರು. ಸಿಕ್ಕ ‘ಹೊಂದಾಣಿಕೆ’ ಬೇರೊಂದು ಜಿಲ್ಲೆಯ ಪ್ರಕರಣ. ಆರೋಪಿಯ ತಂದೆಯ ಹೆಸರು ಬೇರೆ, ವಿಚಾರಣೆ ಇನ್ನೂ ಮುಗಿದಿರಲಿಲ್ಲ; ಆತ ಯಾರೇ ಇರಲಿ, ದೋಷಿಯೆಂದು ತೀರ್ಮಾನವಾದವನಲ್ಲ.

ಇಷ್ಟನ್ನು ತಿಳಿದುಕೊಳ್ಳಲು ನನಗೆ ನಾಲ್ಕು ದಿನ ಹಿಡಿಯಿತು. ಅಷ್ಟರಲ್ಲಿ ಸಮಿತಿಯ ಯಾರೋ ಒಬ್ಬರು ವರದಿಯ ಆ ಪುಟವನ್ನು ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿಬಿಟ್ಟಿದ್ದರು. ಎರಡು ಮನೆಯವರು ಮಕ್ಕಳನ್ನು ಆ ವ್ಯಾನಿನಿಂದ ಬಿಡಿಸಿದರು. ಚಾಲಕರು ಸಂಘದ ಕಚೇರಿಗೆ ಬಂದು, ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಟ್ಟಿದ್ದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಮೇಜಿನ ಮೇಲಿಟ್ಟು, ತಂದೆಯ ಹೆಸರಿದ್ದ ಜಾಗದಲ್ಲಿ ಬೆರಳಿಟ್ಟು, “ಸಾರ್, ನಮ್ಮಪ್ಪನ ಹೆಸರು ಇಲ್ಲಿದೆ, ನೀವೇ ಓದಿ” ಎಂದರು. ತಮ್ಮ ಮೇಲೆ ಬಂದಿರುವ ಮಾತನ್ನು ಅವರು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ವಿವರಣೆಯನ್ನು ನಾನು ಅದೇ ಗುಂಪಿಗೆ ಹಾಕಿದೆ. ಆ ಪುಟವನ್ನು ನೋಡಿದಷ್ಟು ಜನ ಅದನ್ನು ಓದಲಿಲ್ಲ.

ಸೇವೆಯನ್ನು ಕೊಳ್ಳುವ ಮೊದಲು ನಾವು ತಿಳಿದಿರಬೇಕಾಗಿದ್ದ ಸಂಗತಿಯೊಂದಿದೆ. ಭಾರತದಲ್ಲಿ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಸಂಚಯವಿರುವುದು ನಿಜ. ಕೇಂದ್ರ ಗೃಹ ಸಚಿವಾಲಯವು ಅದನ್ನು 2018ರ ಸೆಪ್ಟೆಂಬರ್ 20ರಂದು ಆರಂಭಿಸಿತು, ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಅದನ್ನು ನಿರ್ವಹಿಸುತ್ತದೆ, ಆರಂಭದ ದಿನವೇ ಅದರಲ್ಲಿ ಸುಮಾರು 4.4 ಲಕ್ಷ ನಮೂದುಗಳಿದ್ದವು. ಅತ್ಯಾಚಾರ, ಸಾಮೂಹಿಕ ಅತ್ಯಾಚಾರ, ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ) ಮತ್ತು ಹೆಣ್ಣುಮಕ್ಕಳನ್ನು ಚುಡಾಯಿಸುವ ಪ್ರಕರಣಗಳಲ್ಲಿ ದೋಷಿಗಳೆಂದು ತೀರ್ಮಾನವಾದವರ ವಿವರಗಳಿಗೆಂದು ಅದನ್ನು ರೂಪಿಸಲಾಗಿದೆ. ಆದರೆ ಅದನ್ನು ತೆರೆದು ನೋಡುವ ಅಧಿಕಾರ ಪೊಲೀಸರಂತಹ ಕಾನೂನು ಜಾರಿ ಸಂಸ್ಥೆಗಳಿಗೆ ಮಾತ್ರ ಇದೆ. ಖಾಸಗಿ ಸಂಸ್ಥೆಗಾಗಲಿ, ಶಾಲೆಗಾಗಲಿ, ನಿವಾಸಿಗಳ ಸಂಘಕ್ಕಾಗಲಿ ಅದು ಕಾಣಿಸುವುದಿಲ್ಲ. ಹಾಗಾಗಿ ‘ದಾಖಲೆ ಕಂಡುಬಂದಿಲ್ಲ’ ಎಂಬ ಆ ಹತ್ತು ಹಸಿರು ಸಾಲುಗಳಿಗೂ ಅರ್ಥವಿರಲಿಲ್ಲ, ಕಿತ್ತಳೆ ಸಾಲಿಗೂ ಇರಲಿಲ್ಲ.

ಇದನ್ನು ಮುಂದಿನ ಸಭೆಯಲ್ಲಿ ಹೇಳಿದಾಗ ಹಲವು ಪೋಷಕರು ಕೇಳಿದ್ದು ಬೇರೆಯದೇ ಪ್ರಶ್ನೆ: ಅಮೆರಿಕದಲ್ಲಿ ಯಾರು ಬೇಕಾದರೂ ಪಕ್ಕದ ಬೀದಿಯಲ್ಲಿ ಯಾರಿದ್ದಾರೆಂದು ನೋಡಬಹುದಾದರೆ ಇಲ್ಲಿ ಏಕೆ ಮುಚ್ಚಿಡಬೇಕು? ಎರಡು ವರ್ಷ ನ್ಯೂಜೆರ್ಸಿಯಲ್ಲಿದ್ದು ಬಂದವರೊಬ್ಬರು ಅಲ್ಲಿ ಮನೆ ಬಾಡಿಗೆಗೆ ಹಿಡಿಯುವ ಮೊದಲು ಇಂಥ ಅಪರಾಧಿಗಳ ವಿಳಾಸ ತೋರಿಸುವ ನಕ್ಷೆಯನ್ನೇ ನೋಡುತ್ತಿದ್ದೆವೆಂದರು. ಕೇಳುವುದರಲ್ಲಿ ತಪ್ಪಿಲ್ಲ, ಉತ್ತರಿಸಬೇಕಾದ ಪ್ರಶ್ನೆಯೇ ಅದು. ಏಳನೆಯ ಸಾಲು ಒಂದು ವೇಳೆ ಪ್ರಾಮಾಣಿಕವಾಗಿದ್ದರೂ ಅದಕ್ಕೆ 450 ರೂಪಾಯಿಯ ಬೆಲೆ ಇರುತ್ತಿತ್ತೇ ಎಂಬುದು ಅದರ ಮೇಲೆ ನಿಂತಿದೆ.

ಅಮೆರಿಕದ ಒಕ್ಕೂಟ ಸರ್ಕಾರವು 1994ರಲ್ಲಿ ಇಂಥವರ ನೋಂದಣಿಯನ್ನು ರಾಜ್ಯಗಳಿಗೆ ವಿಧಿಸಿತು. 1996ರ ಮೇಗನ್ ಕಾನೂನು ಆ ಮಾಹಿತಿಯನ್ನು ಸಾರ್ವಜನಿಕರಿಗೆ ತಿಳಿಸುವುದನ್ನು ಕಡ್ಡಾಯಗೊಳಿಸಿತು. 2006ರ ಆ್ಯಡಮ್ ವಾಲ್ಶ್ ಕಾನೂನು ಅಪರಾಧದ ದರ್ಜೆಗೆ ತಕ್ಕಂತೆ 15 ವರ್ಷ, 25 ವರ್ಷ ಅಥವಾ ಜೀವನಪರ್ಯಂತ ಹೆಸರು ಪಟ್ಟಿಯಲ್ಲಿರಬೇಕೆಂದಿತು. ಮೇಗನ್ ಕಾನೂನು ಹುಟ್ಟಿದ ನ್ಯೂಜೆರ್ಸಿಯಲ್ಲೇ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವು, ಆ ಕಾನೂನಿನಿಂದ ಅಪರಾಧಿಗಳು ಮತ್ತೆ ಇಂಥ ಕೃತ್ಯ ಎಸಗುವುದಾಗಲಿ ಸಂತ್ರಸ್ತರ ಸಂಖ್ಯೆಯಾಗಲಿ ಕಡಿಮೆಯಾದದ್ದು ಕಾಣಲಿಲ್ಲವೆಂದು ಹೇಳಿತು. 2011ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಪ್ರಕಟಿಸಿದ ಇನ್ನೊಂದು ಅಧ್ಯಯನ ನನಗೆ ಹೆಚ್ಚು ಮುಖ್ಯವೆನಿಸುತ್ತದೆ, ಏಕೆಂದರೆ ಅದು ನೋಂದಣಿ ಮತ್ತು ಬಹಿರಂಗಪಡಿಸುವಿಕೆಯನ್ನು ಬೇರೆ ಬೇರೆಯಾಗಿ ತೂಗಿ ನೋಡಿತು: ಪೊಲೀಸರ ಬಳಿ ಹೆಸರಿರುವುದರಿಂದ, ಪರಿಚಿತರ ಮೇಲೆ ನಡೆಯುವ ಅಪರಾಧಗಳು ಒಂದಷ್ಟು ತಗ್ಗುತ್ತವೆ, ಅದೇ ಹೆಸರನ್ನು ಊರಿಗೆಲ್ಲ ಸಾರಿದಾಗ, ಪಟ್ಟಿಯಲ್ಲಿರುವವರು ಮತ್ತೆ ತಪ್ಪು ಮಾಡುವ ಸಾಧ್ಯತೆ ಹೆಚ್ಚಾಗಬಹುದು. ಕೆಲಸ, ಬಾಡಿಗೆ ಮನೆ, ನೆಂಟರಿಷ್ಟರು ಯಾವುದೂ ಉಳಿಯದವನಿಗೆ ಕಳೆದುಕೊಳ್ಳುವುದೇನೂ ಇರುವುದಿಲ್ಲವೆಂಬುದು ಅದಕ್ಕೆ ಕೊಡಲಾಗುವ ಕಾರಣ.

ಇಂಥವರೆಲ್ಲ ಖಂಡಿತವಾಗಿ ಮತ್ತೆ ಅದನ್ನೇ ಮಾಡುತ್ತಾರೆ ಎಂಬ ನಂಬಿಕೆಯ ಮೇಲೆ ಇಡೀ ವ್ಯವಸ್ಥೆ ನಿಂತಿದೆ. ಅಮೆರಿಕದ ನ್ಯಾಯಾಂಗ ಇಲಾಖೆಯೇ 1994ರಲ್ಲಿ ಬಿಡುಗಡೆಯಾದವರನ್ನು ಹಿಂಬಾಲಿಸಿ 2003ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಮೂರು ವರ್ಷಗಳೊಳಗೆ ಮತ್ತೊಂದು ಲೈಂಗಿಕ ಅಪರಾಧಕ್ಕಾಗಿ ಬಂಧಿತರಾದವರು ನೂರಕ್ಕೆ 5.3 ಮಂದಿ. ಸಿಕ್ಕಿಬೀಳದವರು, ದೂರೇ ದಾಖಲಾಗದ ಪ್ರಕರಣಗಳು ಇದರಲ್ಲಿ ಸೇರಿಲ್ಲ, ಮೂರು ವರ್ಷ ದೊಡ್ಡ ಅವಧಿಯೂ ಅಲ್ಲ. ಆದ್ದರಿಂದ ಈ ಅಂಕಿಯನ್ನು ನೆಮ್ಮದಿಯ ಮಾತಾಗಿ ಉಲ್ಲೇಖಿಸುತ್ತಿಲ್ಲ. ಆದರೆ ಸಭೆಯಲ್ಲಿ ಕೇಳಿಬಂದ ‘ನೂರಕ್ಕೆ ನೂರು’ ಎಂಬ ಮಾತಿಗೂ ಇದಕ್ಕೂ ಬಹಳ ಅಂತರವಿದೆ.

ನ್ಯಾಯದ ಪ್ರಶ್ನೆಗೆ ಬಂದರೆ, ಫ್ಲೋರಿಡಾದ ಮಿಯಾಮಿಯಲ್ಲಿ ನಡೆದದ್ದನ್ನು ನೋಡಬಹುದು. ಮಕ್ಕಳು ಸೇರುವ ಜಾಗಗಳಿಂದ 2,500 ಅಡಿಯೊಳಗೆ ಇಂಥವರು ವಾಸಿಸಕೂಡದೆಂದು ಅಲ್ಲಿನ ಸ್ಥಳೀಯ ಆಡಳಿತ ನಿಯಮ ಮಾಡಿದಾಗ, ಶಿಕ್ಷೆ ಮುಗಿಸಿ ಹೊರಬಂದವರಿಗೆ ಊರಿನಲ್ಲಿ ಜಾಗವೇ ಸಿಗದೆ ಹಲವರು ಜೂಲಿಯಾ ಟಟಲ್ ಸೇತುವೆಯ ಕೆಳಗೆ ಗುಡಾರ ಹಾಕಿಕೊಂಡರು, 2010ರಲ್ಲಿ ಎಬ್ಬಿಸುವವರೆಗೂ ಅಲ್ಲೇ ಇದ್ದರು. ಬೆಂಗಳೂರಿನ ನಕ್ಷೆಯ ಮೇಲೆ ಪ್ರತಿ ಶಾಲೆ, ಅಂಗನವಾಡಿ, ಟ್ಯೂಷನ್ ಕೇಂದ್ರದ ಸುತ್ತ ಮುಕ್ಕಾಲು ಕಿಲೋಮೀಟರಿನ ವೃತ್ತ ಎಳೆದರೆ ಉಳಿಯುವುದು ಕೆರೆಯಂಗಳಗಳು ಮಾತ್ರವೇನೋ. ಎಲ್ಲಿದ್ದಾನೆಂದು ಗೊತ್ತಿರುವ ಅಪರಾಧಿಗಿಂತ ಸೇತುವೆಯ ಕೆಳಗಿರುವವನ ಮೇಲೆ ಪೊಲೀಸರು ಕಣ್ಣಿಡುವುದು ಸುಲಭವೇ? ಬ್ರಿಟನ್ನಿನ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ್ದು ನನಗೆ ಸರಿಯೆನಿಸುತ್ತದೆ: ಗಂಭೀರ ಅಪರಾಧಿಗಳ ನೋಂದಣಿ ತಪ್ಪಲ್ಲ, ಆದರೆ ಎಂದಿಗೂ ಮರುಪರಿಶೀಲನೆ ಕೇಳುವ ಅವಕಾಶವೇ ಇಲ್ಲದೆ ಜೀವನಪೂರ್ತಿ ಹಾಗೆ ಇರಿಸುವುದು ಖಾಸಗಿ ಬದುಕಿನ ಹಕ್ಕಿಗೆ ಹೊಂದುವುದಿಲ್ಲ.

ನಮ್ಮಲ್ಲಿ ಆ ಹಕ್ಕನ್ನು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಮೂಲಭೂತವೆಂದು ಎತ್ತಿಹಿಡಿದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಅಪರಾಧಿಗೆಂಥ ಹಕ್ಕು ಎಂದು ಸಭೆಯಲ್ಲಿ ಒಬ್ಬರು ಸಿಟ್ಟಿನಿಂದ ಕೇಳಿದರು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಪಟ್ಟಿಯಿಂದ ಬಯಲಾಗುವುದು ಅಪರಾಧಿ ಒಬ್ಬನೇ ಅಲ್ಲ. ನಮ್ಮ ದೇಶದ ಅಪರಾಧ ಅಂಕಿಅಂಶಗಳಲ್ಲಿ ವರ್ಷದಿಂದ ವರ್ಷಕ್ಕೆ ಕಾಣುವುದೇನೆಂದರೆ, ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚರಲ್ಲಿ ಆರೋಪಿಯು ಸಂತ್ರಸ್ತರಿಗೆ ಪರಿಚಿತನೇ: ಮನೆಯವನು, ನೆಂಟ, ನೆರೆಯವನು, ಕೆಲಸ ಕೊಟ್ಟವನು. ಚಿಕ್ಕಪ್ಪನ ಹೆಸರು, ಫೋಟೊ, ವಿಳಾಸ ಜಾಲತಾಣದಲ್ಲಿ ಬಂದರೆ ಆ ಮನೆಯ ಮಗು ಯಾವುದೆಂದು ಬೀದಿಯವರಿಗೆ ಬೇರೆ ಹೇಳಬೇಕಾಗಿಲ್ಲ. ಪೋಕ್ಸೊ ಕಾಯ್ದೆಯ 23ನೆಯ ಸೆಕ್ಷನ್ ಮಗುವಿನ ಗುರುತನ್ನು ಮಾಧ್ಯಮಗಳು ಬಯಲುಮಾಡುವುದನ್ನು ನಿಷೇಧಿಸಿದೆ. ಬಹಿರಂಗ ಪಟ್ಟಿಯು ಆ ರಕ್ಷಣೆಯನ್ನು ಹಿಂಬಾಗಿಲಿನಿಂದ ಕಿತ್ತುಹಾಕುತ್ತದೆ. ಅದನ್ನು ನೆನೆದು, ದೂರು ಕೊಡಲು ಹೊರಟ ತಾಯಿಯನ್ನು ಮನೆಯ ಹಿರಿಯರು ಬಾಗಿಲಲ್ಲೇ ತಡೆಯುವ ದೃಶ್ಯವನ್ನು ಊಹಿಸಲು ಹೆಚ್ಚಿನ ಕಲ್ಪನಾಶಕ್ತಿ ಬೇಕಿಲ್ಲ.

ಇನ್ನು ಗುಂಪಿನ ವಿಷಯ. 2018ರ ಮೇ ತಿಂಗಳಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ವದಂತಿ ಹಬ್ಬಿದ್ದಾಗ, ಇದೇ ನಗರದ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಅಂದು ಯಾರ ಕೈಯಲ್ಲೂ ಪಟ್ಟಿ ಇರಲಿಲ್ಲ. ಪಟ್ಟಿಯಿದ್ದು, ಅದರಲ್ಲಿ ನಮ್ಮ ಚಾಲಕರ ಹೆಸರಿನವನೊಬ್ಬನಿದ್ದಿದ್ದರೆ ಏನಾಗಬಹುದಿತ್ತೆಂದು ಅಂಕಪಟ್ಟಿಯನ್ನು ಕವರಿಗೆ ಮರಳಿ ಸೇರಿಸುತ್ತಿದ್ದ ಅವರ ಕೈಗಳನ್ನು ನೋಡುವಾಗ ನನಗೆ ಅನ್ನಿಸಿದ್ದುಂಟು.

ಹೀಗಾಗಿ ದತ್ತಸಂಚಯ ಪೊಲೀಸರ ಬಳಿಯೇ ಇರಬೇಕೆಂಬುದು ನನ್ನ ನಿಲುವು. ಮೇಲ್ಮನವಿಯಲ್ಲಿ ಖುಲಾಸೆಯಾದವರ ಹೆಸರು ತಾನಾಗಿ ಅಳಿಯಬೇಕು, ಚುಡಾಯಿಸಿದವನೂ ಮಗುವಿನ ಮೇಲೆ ಅತ್ಯಾಚಾರ ಮಾಡಿದವನೂ ಒಂದೇ ಅವಧಿಗೆ ಅದರಲ್ಲಿ ಉಳಿಯಬಾರದು. ನಮ್ಮಂಥವರಿಗೆ ಬೇಕಾಗಿರುವುದು ಪಟ್ಟಿಯಲ್ಲ, ನಿರ್ದಿಷ್ಟ ವ್ಯಕ್ತಿಯ ಬಗ್ಗೆ ಪೊಲೀಸರ ಉತ್ತರ. ಅದಕ್ಕೆ ದಾರಿ ಈಗಲೂ ಇದೆ. 2020ರ ಪೋಕ್ಸೊ ನಿಯಮಗಳು ಮಕ್ಕಳೊಂದಿಗೆ ನಿರಂತರ ಸಂಪರ್ಕವಿರುವ ಸಂಸ್ಥೆಗಳು ತಮ್ಮ ಎಲ್ಲ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಕಾಲಕಾಲಕ್ಕೆ ಮಾಡಿಸಬೇಕೆನ್ನುತ್ತವೆ, ಗುತ್ತಿಗೆಯವರೂ ಅದರಲ್ಲಿ ಸೇರುತ್ತಾರೆ. ನಾವು ಹನ್ನೊಂದು ಮಂದಿಗೂ ಸೇವಾ ಸಿಂಧು ಮೂಲಕ ಅರ್ಜಿ ಹಾಕಿಸಿದೆವು. ಖಾಸಗಿ ಸಂಸ್ಥೆಗಿಂತ ಹೆಚ್ಚು ದಿನ ಹಿಡಿಯಿತು, ಒಬ್ಬರ ಅರ್ಜಿ ಠಾಣೆಯ ವ್ಯಾಪ್ತಿ ತಪ್ಪಾಗಿದ್ದರಿಂದ ಹಿಂದಿರುಗಿತು. ಬಂದ ಪತ್ರಗಳಲ್ಲಿ ಬಣ್ಣಗಳಿರಲಿಲ್ಲ, ಠಾಣೆಯ ಮೊಹರಿತ್ತು. ಜೊತೆಗೆ ವ್ಯಾನಿನಲ್ಲಿ ಸಹಾಯಕಿಯೊಬ್ಬರನ್ನು ನೇಮಿಸಿದೆವು, ಈಜುಕೊಳದಲ್ಲಿ ಸರದಿಯಂತೆ ಒಬ್ಬ ಪೋಷಕರು ಕೂರುವ ವ್ಯವಸ್ಥೆಯಾಯಿತು. ಮಕ್ಕಳಿಗೆ 1098 ಎಂಬ ಸಹಾಯವಾಣಿಯ ಸಂಖ್ಯೆಯನ್ನು ಬಾಯಿಪಾಠ ಮಾಡಿಸಿದ್ದು ಯಾವ ಪ್ಯಾಕೇಜಿನಲ್ಲೂ ಇರಲಿಲ್ಲ.

ಮೊದಲ ಆರು ಅಂಶಗಳಿಗೆ ನಾನು ಆ ಸಂಸ್ಥೆಗೆ ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಚಾಲಕರನ್ನು ಅಥವಾ ಮನೆಕೆಲಸದವರನ್ನು ನೇಮಿಸಿಕೊಳ್ಳುವವರು 900 ರೂಪಾಯಿಯ ಸೇವೆಯನ್ನು ಪಡೆಯಬಹುದು. ಏಳನೆಯದಕ್ಕೆ ಕೊಡಲು ಸೊನ್ನೆಯೂ ಹೆಚ್ಚೇ. ನಮ್ಮ ದೂರಿನ ನಂತರ ಅವರು ಕಿತ್ತಳೆಯನ್ನು ಹಸಿರಾಗಿಸಿದ ಹೊಸ ವರದಿಯನ್ನು ಕಳುಹಿಸಿ, ಒಬ್ಬರ ಬಾಬ್ತು 450 ರೂಪಾಯಿಯನ್ನು ಮಾತ್ರ ಹಿಂದಿರುಗಿಸಿದರು; ಉಳಿದ ಹತ್ತು ಮಂದಿಗೆ ಸೇವೆ ಸರಿಯಾಗಿಯೇ ಸಂದಿದೆಯೆಂಬುದು ಅವರ ವಾದ. ವ್ಯಾನ್ ಬಿಡಿಸಿದ್ದ ಎರಡು ಮನೆಗಳಲ್ಲಿ ಒಂದು ಮನೆಯವರು ಮರಳಿ ಬಂದಿದ್ದಾರೆ. ಈ ವರ್ಷದ ದರಪಟ್ಟಿ ಕಳೆದ ವಾರ ಇಮೇಲಿನಲ್ಲಿ ಬಂತು, ಅದರಲ್ಲಿ ಏಳನೆಯ ಸಾಲು ಹಾಗೆಯೇ ಇದೆ, ಬೆಲೆ ಮಾತ್ರ 500 ರೂಪಾಯಿ ಆಗಿದೆ.