ಬಾಡಿಗೆ ವಸೂಲಿಗೆ ಆ್ಯಪ್ ಬೇಕಾ, ಬ್ಯಾಂಕ್ ಸಾಕಾ?

ಕಾರವಾರದ ಕಾಜುಬಾಗದಲ್ಲಿ ನಮ್ಮ ಮಹಡಿ ಮೇಲೆ ಎರಡು ಬಾಡಿಗೆ ಮನೆಗಳಿವೆ. ಕೈಗಾ, ನೌಕಾನೆಲೆ, ಮೆಡಿಕಲ್ ಕಾಲೇಜು ಇರೋ ಊರಲ್ಲಿ ಬಾಡಿಗೆಗೆ ಬರುವವರಿಗೆ ಬರವಿಲ್ಲ, ಹೇಳಿದ ತಾರೀಕಿಗೆ ಕೊಡುವವರಿಗೇ ಬರ. ನನ್ನ ವೋಟು ಬ್ಯಾಂಕಿನ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್‌ಗೆ. ಬಾಡಿಗೆದಾರರು ತಮ್ಮ ಬ್ಯಾಂಕಿನಲ್ಲಿ ಒಮ್ಮೆ ಹಾಕಿಟ್ಟರೆ ಮುಗೀತು, ಪ್ರತಿ ತಿಂಗಳು ಅದೇ ದಿನ ದುಡ್ಡು ನನ್ನ ಖಾತೆಗೆ ಬರುತ್ತದೆ.

ಮಗನ ಮಾತು ಕೇಳಿ ಮೊದಲು ಒಂದು ಬಾಡಿಗೆ ಆ್ಯಪ್ ಹಾಕಿಸಿದ್ದೆ, ಅದಕ್ಕೆ ವರ್ಷದ ಚಂದಾ ಬೇರೆ. ಬಾಯಿಬಿಟ್ಟು ಕೇಳೋ ಮುಜುಗರ ತಪ್ಪಿತು, ಅದು ನಿಜ. ಆದರೆ ಬಾಡಿಗೆದಾರರು ಕಟ್ಟಿದ ದುಡ್ಡು ಮೊದಲು ಆ್ಯಪಿನವರ ಹತ್ತಿರ ಕೂರುತ್ತದೆ, ನನಗೆ ಸಿಗೋದು ಒಂದೆರಡು ದಿನ ಬಿಟ್ಟು, ನಡುವೆ ಭಾನುವಾರ ಬಂದರೆ ಇನ್ನೂ ತಡ. ಅಷ್ಟೇ ಆಗಿದ್ದರೆ ಸುಮ್ನೆ ಇರುತ್ತಿದ್ದೆ. ಆ್ಯಪ್ ತಡ ಅಂತ ಲೆಕ್ಕ ಹಾಕೋದು ನನ್ನ ಖಾತೆಗೆ ದುಡ್ಡು ಬಿದ್ದ ದಿನ ನೋಡಿ!

ಮೇಲಿನ ಮನೆಯ ನರ್ಸ್ ರಾತ್ರಿ ಪಾಳಿ ಮುಗಿಸಿ ಬಂದವರು ಸೀದಾ ನಮ್ಮ ಬಾಗಿಲಿಗೆ ಬಂದರು. "ಅಕ್ಕಾ, ನಾಲ್ಕನೇ ತಾರೀಕೇ ಕಟ್ಟಿದ್ದೇನಲ್ಲ, ನೂರು ರೂಪಾಯಿ ದಂಡ ಯಾಕೆ?" ಮೊಬೈಲ್ ಚಾಚಿದರು. ಕೆಂಪು ಅಕ್ಷರದ ಮೆಸೇಜು, ಕೆಳಗೆ ನನ್ನ ಹೆಸರು. ನಾನು ನಿದ್ದೆಯಲ್ಲಿದ್ದಾಗ ಆ್ಯಪ್ ನನ್ನ ಹೆಸರಲ್ಲಿ ಬೈದಿತ್ತು. ದಂಡ ಬಂದ್ ಮಾಡೋಣ ಅಂದರೆ ಜೊತೆಗೆ ಬಾಡಿಗೆ ನೆನಪಿಸೋ ಮೆಸೇಜೂ ಬಂದ್ ಆಗುತ್ತದಂತೆ. ಮತ್ತೆ ಚಂದಾ ಕಟ್ಟೋದು ಯಾತಕ್ಕೆ? ದೂರು ಕೊಟ್ಟರೆ "ನಿಮ್ಮ ಮನವಿ ಸ್ವೀಕರಿಸಲಾಗಿದೆ" ಅಂತ ಉತ್ತರ, ಮುಂದೆ ಏನೂ ಇಲ್ಲ. ಒಳ್ಳೆ ಬಾಡಿಗೆದಾರರನ್ನ ಇಂಥದ್ದಕ್ಕೆ ಕಳಕೊಳ್ಳೋಕಾಗುತ್ತಾ?

ಯುಪಿಐನಲ್ಲಿ ರಿಕ್ವೆಸ್ಟ್ ಕಳಿಸಿದರಾಯ್ತು ಅಲ್ವಾ ಅಂತ ಕೆಲವರು ಕೇಳುತ್ತಾರೆ. ವ್ಯಕ್ತಿಯಿಂದ ವ್ಯಕ್ತಿಗೆ ಹಾಗೆ ದುಡ್ಡು ಕೇಳೋ ಸೌಲಭ್ಯ 2025ರ ಅಕ್ಟೋಬರ್ 1ಕ್ಕೆ ನಿಂತಿತು. ಇದ್ದಾಗಲೂ ಮಿತಿ 2,000 ರೂಪಾಯಿ, ನಮ್ಮ ಬಾಡಿಗೆ 8,500.

ಮುಂದಿನ ತಾರೀಕಿನ ಚೆಕ್ ತಗೊಂಡಿಟ್ಟರೆ ಬೌನ್ಸ್ ಆದಾಗ 30 ದಿನದೊಳಗೆ ನೋಟಿಸ್, ಅದು ತಲುಪಿದ ಮೇಲೆ 15 ದಿನ ಕಾಯೋದು, ಆಮೇಲೆ 138ನೇ ಸೆಕ್ಷನ್ನಿನ ಕೇಸು. ಒಂದು ತಿಂಗಳ ಬಾಡಿಗೆಗೆ ಇಷ್ಟೆಲ್ಲ ಯಾರಿಗೆ ಬೇಕು? ನಗದಾದರೆ "ನಾಳೆ ಕೊಡ್ತೆ ಅಕ್ಕಾ" ಮುಗಿಯೋದೇ ಇಲ್ಲ, ಮೇಲಿಂದ 5,000 ದಾಟಿದ ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಹುಡುಕಬೇಕು.

ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್‌ಗೂ ಕೊಂಕಿದೆ. ಖಾತೆ ಖಾಲಿ ಇದ್ದರೆ ದುಡ್ಡು ಬರೋದಿಲ್ಲ. ಇನ್ನೊಂದು ಮನೆಯವರು ಗುತ್ತಿಗೆ ಕೆಲಸದವರು, ಸಂಬಳ ಏಳಕ್ಕೆ. ಹಾಗಾಗಿ ಅವರ ಬಾಡಿಗೆ ಎಂಟಕ್ಕೆ, ಕರಾರು ಪತ್ರದಲ್ಲೂ ಅದೇ ಬರೆಸಿದ್ದೇನೆ. ಬಾಡಿಗೆ ಏರಿಸಿದಾಗ ಮೊತ್ತವನ್ನ ಅವರೇ ಬದಲಿಸಬೇಕು, ಅದನ್ನು ಮಾತ್ರ ಎದುರಿಗೆ ಕೂತು ಮಾಡಿಸುತ್ತೇನೆ.

ಹತ್ತಾರು ಮನೆ ಇರುವವರಿಗೆ ಆ್ಯಪಿನ ಲೆಕ್ಕ ಬೇಕಾಗಬಹುದು. ಎರಡು ಮನೆಗೆ ನನಗೆ ಪಾಸ್‌ಬುಕ್ಕೇ ಸಾಕು, ಚಂದಾನೂ ಇಲ್ಲ. ಈಗ ಯಾರೇ ಹೊಸಬರು ಬರಲಿ, ಇನ್‌ಸ್ಟ್ರಕ್ಷನ್ ಹಾಕಿದ್ದನ್ನ ಮೊಬೈಲಲ್ಲಿ ತೋರಿಸಿದ ಮೇಲೆಯೇ ಬೀಗದ ಕೈ ಕೊಡೋದು.