ಕೊಪ್ಪಳದಿಂದ ಕಡಲಿಗೆ: ಟಿಟಿ, ಕಾರು, ಬಸ್ಸು ಮೂರೂ ನೋಡಿದೆ

ಎರಡು ವರ್ಷದಲ್ಲಿ ಮೂರು ಸಲ ಕೊಪ್ಪಳದಿಂದ ಸಮುದ್ರ ನೋಡಲು ಹೋಗಿ ಬಂದೆ. ಮೂರು ಸಲವೂ ದಾರಿ ಒಂದೇ: ಗದಗ, ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ. ಹತ್ತಿರ ಹತ್ತಿರ 250 ಕಿಲೋಮೀಟರ್. ಮೂರು ಸಲವೂ ಜೊತೆಗಿದ್ದವರಲ್ಲಿ ಹೆಚ್ಚಿನವರು ಹೊಸ ಪರಿಚಯದವರು. ಬದಲಾಗಿದ್ದು ಗಾಡಿ ಮಾತ್ರ.

ಮೊದಲನೆಯದು ಟಿಟಿ, ಅಂದರೆ ಟೆಂಪೋ ಟ್ರಾವೆಲರ್. ನವೆಂಬರ್, 12 ಜನ, ತಲೆಗೆ 2,400 ರೂಪಾಯಿ. ನನಗೆ ಗೊತ್ತಿದ್ದವಳು ಒಬ್ಬ ಗೆಳತಿ ಅಷ್ಟೇ. ಗದಗ ದಾಟುವ ಮೊದಲೇ ಬುತ್ತಿ ಬಿಚ್ಚಿದರು. ಎಲ್ಲರ ಗಂಟಿನಲ್ಲೂ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ! ಅಲ್ಲಿಗೆ ಸಂಕೋಚ ಹೋಯಿತು. ಹಾಡು, ಅಂತ್ಯಾಕ್ಷರಿ, ನಗು. ಯಲ್ಲಾಪುರದಲ್ಲಿ ಮಾತ್ರ ಎಲ್ಲಾ ಕೆಟ್ಟಿತು. ಅರ್ಧ ಜನಕ್ಕೆ ಮಾಗೋಡು ಜಲಪಾತ ಬೇಕು, ಉಳಿದವರಿಗೆ ಕತ್ತಲಾಗುವ ಮೊದಲು ಸಮುದ್ರ ಬೇಕು. ಚಹಾ ಅಂಗಡಿ ಮುಂದೆ ಮುಕ್ಕಾಲು ತಾಸು ವಾದ. ಕೊನೆಗೆ ಕೈ ಎತ್ತಿಸಿದರು, ಮಾಗೋಡು ಗೆದ್ದಿತು. ಗೋಕರ್ಣ ಮುಟ್ಟಿದಾಗ ಕತ್ತಲು. ಸಮುದ್ರದ ಸದ್ದು ಕೇಳಿತು, ಸಮುದ್ರ ಕಾಣಲಿಲ್ಲ. ಸೋತವರು ರಾತ್ರಿ ಊಟಕ್ಕೆ ಬೇರೆ ಟೇಬಲ್ಲು ಹಿಡಿದರು.

ಮರುದಿನ ಕಾರವಾರಕ್ಕೆ ಹೊರಟಾಗ ಹೆದ್ದಾರಿ ಸೇತುವೆ ಮೇಲೆ ಡ್ರೈವರ್ ಹೇಳಿದ, "ನಿನ್ನೆ ಮಾಗೋಡಿನಾಗ ನೋಡಿದ್ರಲ್ಲ ಬೇಡ್ತಿ ಹೊಳಿ, ಅದ ಇದು. ಇಲ್ಲಿ ಗಂಗಾವಳಿ ಅಂತಾರ." ಧಾರವಾಡದ ಕಡೆ ಹುಟ್ಟಿದ ಹೊಳೆ ನಮಗಿಂತ ಸುಮ್ನೆ, ಜಗಳವಿಲ್ಲದೆ ಕಡಲು ಸೇರಿತ್ತು!

ಎರಡನೆಯದು ಕಾರು. ಸಾಣಾಪುರ ಕೆರೆ ದಂಡೆಯಲ್ಲಿ ಪರಿಚಯವಾದ ರಾಯಚೂರಿನ ಗಂಡ ಹೆಂಡತಿ, ನಾನು, ನನ್ನ ಚಿಕ್ಕಪ್ಪನ ಮಗಳು. ಡೀಸೆಲ್, ಟೋಲ್ ಹಂಚಿಕೊಂಡು ತಲೆಗೆ 1,300. ಅನುಕೂಲದಲ್ಲಿ ಇದಕ್ಕೆ ಸಾಟಿಯಿಲ್ಲ. ಕುಮಟಾ ಹತ್ತಿರ ಮಿರ್ಜಾನ್ ಕೋಟೆಯಲ್ಲಿ ಎರಡು ತಾಸು ಸುತ್ತಿದೆವು, ಯಾರೂ ಸೀಟಿ ಊದಿ ಕರೆಯಲಿಲ್ಲ. ಮುರುಡೇಶ್ವರದ 237 ಅಡಿ ಗೋಪುರವನ್ನು ಲಿಫ್ಟಿನಲ್ಲಿ ಹತ್ತಿ ಮೇಲಿಂದ ಕಡಲು ನೋಡಿದೆವು.

ಆದರೆ ಕಾರು ಬಹಳ ಸಣ್ಣದು. ಕಲಘಟಗಿ ಬರುವಷ್ಟರಲ್ಲಿ ಅವರ ಮನೆ ಸಾಲದ ಕಂತು ಎಷ್ಟು ಅಂತ ನಮಗೆ ಗೊತ್ತಾಗಿತ್ತು. ಹೊರಳಿ ಬರುವಾಗ ಇಬ್ಬರಿಗೂ ಜಗಳ ಹತ್ತಿತು. ಹಿಂದಿನ ಸೀಟಿನಲ್ಲಿ ನಾವಿಬ್ಬರೂ ಮೊಬೈಲ್ ನೋಡಿದ್ದೇ ನೋಡಿದ್ದು. ಅರಬೈಲ್ ಘಟ್ಟದಲ್ಲಿ ನೆಟ್‌ವರ್ಕೂ ಇರಲಿಲ್ಲ. ಕಾರು ಅವರದು, ಹಾಗಾಗಿ "ಇಲ್ಲೊಂದು ಸ್ವಲ್ಪ ನಿಲ್ಲಿಸ್ರಿ" ಅನ್ನಲೂ ಬಾಯಿ ಬರಲಿಲ್ಲ.

ಮೂರನೆಯದು ಸರ್ಕಾರಿ ಬಸ್ಸು, ಜುಲೈ ತಿಂಗಳು. ನಾನು, ಅದೇ ತಂಗಿ. ಶಕ್ತಿ ಯೋಜನೆ ಇದೆಯಲ್ಲ, ಆಧಾರ್ ತೋರಿಸಿ ಶೂನ್ಯ ದರದ ಟಿಕೆಟ್ ಹಿಡಿದು ಹೋದೆವು. ಗಂಡಸರು ಈ ಲೆಕ್ಕ ಹಾಕಿಕೊಳ್ಳಬೇಡಿ. ಹುಬ್ಬಳ್ಳಿಯಲ್ಲಿ ಬಸ್ ಬದಲಿಸಬೇಕು, ಸೀಟಿಗೆ ಕಿಟಕಿಯಿಂದ ಕರವಸ್ತ್ರ ಎಸೆಯಬೇಕು, ಮಳೆಗೆ ಕಿಟಕಿ ಸೋರುತ್ತದೆ. ಕಾರಿನಲ್ಲಿ ಐದಾರು ತಾಸಿನ ದಾರಿಗೆ ಒಂಬತ್ತು ತಾಸು ಹಿಡಿಯಿತು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಹಾಗಾಗಿ ತಾಜಾ ಬಂಗಡೆಯ ಆಸೆಯೂ ಹೆಚ್ಚೇನು ತೀರಲಿಲ್ಲ.

ಇಷ್ಟಾದರೂ ನನ್ನ ಓಟು ಬಸ್ಸಿಗೇ. ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಸಿಂಧನೂರು ಕಡೆಯ ಮೂವರು ಹೆಣ್ಣುಮಕ್ಕಳು ಸಿಕ್ಕಿದರು. ಮೂವರೂ ಐವತ್ತು ದಾಟಿದವರು, ಸಮುದ್ರ ಕಂಡವರಲ್ಲ. ಎಲ್ಲಿ ನಿಲ್ಲಬೇಕು ಅನ್ನುವುದನ್ನು ಬಸ್ಸೇ ನಿರ್ಧರಿಸುತ್ತಿತ್ತು. ಟಿಟಿಯಲ್ಲಿ 12 ಜನ, ಕಾರಿನಲ್ಲಿ ಮಾಲೀಕರು ಹೊತ್ತ ಆ ಭಾರ ನಮ್ಮ ಮೇಲೆ ಇರಲಿಲ್ಲ. ತಡವಾದರೆ ಎಲ್ಲರೂ ಸೇರಿ ಬಸ್ಸಿಗೆ ಬೈಯುತ್ತಿದ್ದೆವು. ಮಾತು ಸಾಕಾದರೆ ಕಿಟಕಿ ಕಡೆ ತಿರುಗಿ ನಿದ್ದೆ ಮಾಡಬಹುದಿತ್ತು, ಯಾರಿಗೂ ಬೇಜಾರಿಲ್ಲ.

ಗೋಕರ್ಣದಲ್ಲಿ ಕೆಂಪು ಬಾವುಟ ಹಾಕಿದ್ದರು, ಯಾರೂ ನೀರಿಗೆ ಇಳಿಯುವಂತಿರಲಿಲ್ಲ. ಛತ್ರಿ ಹಿಡಿದು ದಂಡೆ ಮೇಲೆ ನಿಂತೆವು. ಅವರಲ್ಲಿ ಹಿರಿಯಾಕೆ ಬಹಳ ಹೊತ್ತು ನೋಡಿ ಹೇಳಿದರು, "ಇಷ್ಟು ನೀರು ಐತಿ. ನಮ್ಮ ಕಾಲುವಿ ಕೊನಿಗೆ ಒಂದು ಚರಗಿ ಬರಂಗಿಲ್ಲಲ್ಲವ್ವ." ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಹೊಲ ಅವರದು.

ವಯಸ್ಸಾದ ಅಪ್ಪ ಅಮ್ಮನ ಜೊತೆಗಾದರೆ ಕಾರೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಟಿಟಿಗೆ ಹೋಗುವುದಾದರೆ ನಿಲ್ಲುವ ಜಾಗಗಳನ್ನು ಊರಲ್ಲೇ ಬರೆದುಕೊಂಡು ಹೊರಡಿ.

ಟಿಟಿ ಗುಂಪಿನಿಂದ ಈಗ ವಾಟ್ಸಾಪಿನಲ್ಲಿ ಬರುವುದು ಬರೀ ಶುಭೋದಯ. ರಾಯಚೂರಿನವರು ಆಮೇಲೆ ಸಿಕ್ಕಿಲ್ಲ. ಸಿಂಧನೂರಿನ ಆಕೆ ಮಾತ್ರ ಜನವರಿಯಲ್ಲಿ ಫೋನ್ ಮಾಡಿದರು. "ಗವಿಮಠದ ಜಾತ್ರಿಗೆ ಬರಾಕತ್ತೀವಿ. ನಿಮ್ಮ ಮನಿ ಯಾವ ಓಣ್ಯಾಗ ಐತಿ ಹೇಳವ್ವ."