ಆಂಕಿ ಆ್ಯಪ್: ಇಂಗ್ಲಿಷ್ ನುಡಿಗಟ್ಟು ನಾಲಿಗೆಗೆ ಬರಬೇಕಾದರೆ ಕಾರ್ಡ್ ಹೇಗಿರಬೇಕು?

ವ್ಯಾಕರಣ ಗೊತ್ತು, ಪದಗಳೂ ಗೊತ್ತು, ಬಾಯಿ ತೆರೆದರೆ ಮಾತ್ರ ತಡವರಿಕೆ. ಇಂಥವರಲ್ಲಿ ಸಾಮಾನ್ಯವಾಗಿ ಕಡಿಮೆ ಬಿದ್ದಿರುವುದು ಸಿದ್ಧ ನುಡಿಗಟ್ಟುಗಳು. ಇಂಗ್ಲಿಷ್ ಮನೆಮಾತಾಗಿರುವವರು ಪ್ರತಿ ವಾಕ್ಯವನ್ನೂ ಪದ ಪದ ಜೋಡಿಸಿ ಕಟ್ಟುವುದಿಲ್ಲ, ಎಷ್ಟೋ ತುಣುಕುಗಳನ್ನು ಇಡಿಯಾಗಿ ನೆನಪಿನಿಂದ ಎತ್ತಿಕೊಳ್ಳುತ್ತಾರೆ ಎಂದು ಭಾಷಾವಿಜ್ಞಾನಿಗಳಾದ ಪಾಲಿ ಮತ್ತು ಸೈಡರ್ 1983ರಲ್ಲೇ ವಾದಿಸಿದ್ದರು. ಒಂದು ತುಣುಕು ಬಾಯಲ್ಲಿರುವಾಗ ಮುಂದಿನದನ್ನು ಯೋಚಿಸಲು ಬಿಡುವು ಸಿಗುತ್ತದೆ. ಆ ದಾಸ್ತಾನು ಬೆಳೆಸಲು ಆಂಕಿ, ಅಂದರೆ ಮುಂಬದಿಯಲ್ಲಿ ಪ್ರಶ್ನೆ, ಹಿಂಬದಿಯಲ್ಲಿ ಉತ್ತರವಿರುವ ಕಾರ್ಡ್‌ಗಳಿಂದ ನೆನಪು ಮಾಡಿಸುವ ಆ್ಯಪ್, ಒಳ್ಳೆಯ ಸಾಧನವೇ. ಆದರೆ ಬಹಳ ಜನ ಬಳಸುವ ರೀತಿಯಲ್ಲಿ ಪಳಗುವುದು ಕಣ್ಣು, ನಾಲಿಗೆಯಲ್ಲ.

ಕಂಪ್ಯೂಟರ್ ಮತ್ತು ಆಂಡ್ರಾಯ್ಡ್‌ನಲ್ಲಿ ಇದು ಉಚಿತ, ಐಫೋನ್‌ನಲ್ಲಿ ದುಡ್ಡು ಕೊಡಬೇಕು. ನೋಡಲು ಅಂದಚಂದವೇನಿಲ್ಲ. ಮರೆಯುವ ಹೊತ್ತಿಗೆ ಕಾರ್ಡನ್ನು ಮತ್ತೆ ಮುಂದಿಡುವುದು ಇದರ ಕೆಲಸ, ಅದನ್ನು ಚೆನ್ನಾಗಿಯೇ ಮಾಡುತ್ತದೆ.

ಎಡವುವುದು ಕಾರ್ಡ್ ಬರೆಯುವಲ್ಲಿ. ಮುಂದೆ ಇಂಗ್ಲಿಷ್, ಹಿಂದೆ ಕನ್ನಡ ಅರ್ಥ ಇಟ್ಟರೆ ಕಂಡಾಗ ಗುರುತು ಹಿಡಿಯಬಹುದು, ಬೇಕಾದಾಗ ನೆನಪಾಗುವುದಿಲ್ಲ. ಮುಂದೆ ಸಂದರ್ಭ ಬರೆಯಿರಿ: ‘ಫೋನಿನಲ್ಲಿ ಅವರು ಹೇಳಿದ್ದು ಸರಿಯಾಗಿ ಕೇಳಿಸಲಿಲ್ಲ, ವಿನಯದಿಂದ ತಿಳಿಸಿ.’ ಹಿಂದೆ ಇಡೀ ವಾಕ್ಯ: ‘ಸಾರಿ, ಐ ಡಿಡಂಟ್ ಕ್ಯಾಚ್ ದ್ಯಾಟ್.’ ಗಟ್ಟಿಯಾಗಿ ಹೇಳಿದ ಮೇಲೆಯೇ ಉತ್ತರ ತೆರೆಯಬೇಕು. ಕಂಪ್ಯೂಟರಿನಲ್ಲಿ ಉತ್ತರ ತೆರೆದ ಮೇಲೆ ಶಿಫ್ಟ್ ಮತ್ತು ವಿ ಒತ್ತಿ ಇನ್ನೊಮ್ಮೆ ಹೇಳಿ ದನಿ ರೆಕಾರ್ಡ್ ಮಾಡಬಹುದು, ವಿ ಒತ್ತಿದರೆ ಕೇಳಿಸುತ್ತದೆ. ಮುಂದಿನ ಕಾರ್ಡಿಗೆ ಹೋದರೆ ಆ ರೆಕಾರ್ಡಿಂಗ್ ಉಳಿಯುವುದಿಲ್ಲ, ಹಾಗಾಗಿ ಸಂಕೋಚ ಬೇಡ. ‘ಡಿಡಂಟ್’ ಆದ ಮೇಲೆ ಉಸಿರು ನಿಂತರೆ ಅದಿನ್ನೂ ನುಡಿಗಟ್ಟಾಗಿಲ್ಲ, ಬಿಡಿ ಪದಗಳೇ.

ಪದ ಮುಚ್ಚಿಡುವ ಕ್ಲೋಜ್ ಕಾರ್ಡ್ ‘ಲುಕಿಂಗ್ ಫಾರ್ವರ್ಡ್ ಟು ಮೀಟಿಂಗ್ ಯು’ ಎಂಬಲ್ಲಿ ‘ಮೀಟ್’ ಎಂದು ತಪ್ಪುವವರಿಗೆ ಸರಿ. ಅದರಾಚೆ ಹೆಚ್ಚು ಪ್ರಯೋಜನವಿಲ್ಲ. ಹತ್ತು ದಿನವಾದರೆ ವಾಕ್ಯದ ಆಕಾರ ನೋಡಿಯೇ ಉತ್ತರ ಹೊಳೆಯುತ್ತದೆ.

ಉತ್ತರ ನೋಡಿದ ಮೇಲೆ ಎಷ್ಟು ನೆನಪಾಯಿತೆಂದು ತಿಳಿಸಲು ಒತ್ತುವ ಬಟನ್‌ಗಳ ವಿಷಯದಲ್ಲಿ ಒಂದು ತಪ್ಪು ಎಲ್ಲೆಡೆ ಕಾಣುತ್ತದೆ: ಮರೆತಾಗ ‘ಅಗೇನ್’ ಬದಲು ‘ಹಾರ್ಡ್’ ಒತ್ತುವುದು. ಆಂಕಿಯ ಲೆಕ್ಕದಲ್ಲಿ ‘ಹಾರ್ಡ್’ ಎಂದರೆ ಕಷ್ಟಪಟ್ಟು ನೆನಪಾಯಿತು ಎಂದರ್ಥ, ಅಂದರೆ ಪಾಸು. ಮರೆತ ಕಾರ್ಡ್ ಇನ್ನೂ ದೂರ ಹೋಗುತ್ತದೆ. ಕಾರ್ಡ್ ಮತ್ತೆ ಯಾವಾಗ ಬರಬೇಕೆಂದು ನಿಮ್ಮ ಉತ್ತರಗಳನ್ನು ನೋಡಿ ನಿರ್ಧರಿಸುವ, 2023ರಲ್ಲಿ ಸೇರಿದ ಎಫ್‌ಎಸ್‌ಆರ್‌ಎಸ್ ಲೆಕ್ಕಾಚಾರ ಬಳಸುವವರಿಗಂತೂ ಇದರಿಂದ ಎಲ್ಲ ಅಂತರಗಳೂ ಹಳಿ ತಪ್ಪುತ್ತವೆ. ಮಾತಿನ ಕಾರ್ಡಿಗೆ ನಿಯಮ ಬಿಗಿಯಾಗಿರಲಿ: ಮೂರು ಸೆಕೆಂಡಿನಲ್ಲಿ ಶುರುವಾಗದಿದ್ದರೆ, ನಡುವೆ ತಡವರಿಸಿದರೆ, ‘ಅಗೇನ್’.

ದಿನಕ್ಕೆ 20 ಹೊಸ ಕಾರ್ಡ್ ಎಂಬ ಮೂಲ ಸೆಟ್ಟಿಂಗ್ ಬಾಯಿಮಾತಿಗೆ ವಿಪರೀತ. 5ಕ್ಕೆ ಇಳಿಸಿ. ಗಟ್ಟಿಯಾಗಿ ಹೇಳಲು ಕಾರ್ಡಿಗೆ ಹತ್ತು ಸೆಕೆಂಡ್ ಹಿಡಿದರೂ ಹಳೆಯವೂ ಸೇರಿ 50 ಕಾರ್ಡಿಗೆ ಎಂಟು ನಿಮಿಷ ದಾಟುತ್ತದೆ, ಅಷ್ಟು ಸಾಕು. ಕಾರ್ಡ್ ರಾಶಿ ಬಿದ್ದರೆ ಜನ ಮೊದಲು ಕೈಬಿಡುವುದು ಗಟ್ಟಿಯಾಗಿ ಹೇಳುವುದನ್ನೇ.

ಎಂಟು ಸಲ ಮರೆತ ಕಾರ್ಡನ್ನು ಆಂಕಿ ‘ಲೀಚ್’ ಎಂದು ಗುರುತಿಸುತ್ತದೆ. ಜಿಗಣೆ, ಹೆಸರು ಸರಿಯಾಗಿಯೇ ಇದೆ! ಎಷ್ಟೋ ಸಲ ತಪ್ಪು ನಿಮ್ಮ ನೆನಪಿನದಲ್ಲ, ಎರಡು ಕಾರ್ಡ್ ಒಂದೇ ತರಹ ಇರುವುದು. ‘ಐಡ್ ರಾದರ್’ ಮತ್ತು ‘ಐಡ್ ಬೆಟರ್’ ಎರಡಕ್ಕೂ ಮುಂದೆ ‘ಹೋಗುವುದೇ ಒಳ್ಳೆಯದು’ ಎಂದಿದ್ದರೆ ಗೊಂದಲವಾಗದೆ ಇನ್ನೇನು? ಒಂದಕ್ಕೆ ‘ನನಗೆ ಅದೇ ಇಷ್ಟ’, ಇನ್ನೊಂದಕ್ಕೆ ‘ಹೋಗದಿದ್ದರೆ ತೊಂದರೆ’ ಎಂದು ಬರೆಯಿರಿ.

ಸಿಕ್ಕುವ ರೆಡಿಮೇಡ್ ಡೆಕ್‌ಗಳಲ್ಲಿ (ಕಾರ್ಡ್ ಕಟ್ಟುಗಳಲ್ಲಿ) ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಮಾದರಿಯ ಅಲಂಕಾರಗಳೇ ಹೆಚ್ಚು. ಮಾತು ನಡೆಸುವುದು ‘ದ ಥಿಂಗ್ ಈಸ್’, ‘ಇಟ್ ಡಿಪೆಂಡ್ಸ್ ಆನ್’, ‘ಐ ವಾಸ್ ವಂಡರಿಂಗ್ ಇಫ್ ಯು ಕುಡ್’ ಮುಂತಾದವು. ಇವುಗಳ ಬಾಲ ಬದಲಾಗುತ್ತದೆ, ಆಂಕಿಯ ನಿಜವಾದ ಕೊರತೆ ಇರುವುದೂ ಇಲ್ಲೇ. ಒಂದೇ ವಾಕ್ಯ ಹಾಕಿದರೆ ಗಿಳಿಪಾಠವಾಗುತ್ತದೆ. ಪ್ರತಿ ನುಡಿಗಟ್ಟಿಗೆ ಬೇರೆ ಬೇರೆ ಬಾಲದ ಮೂರು ಕಾರ್ಡ್ ಬೇಕು, ಅವನ್ನು ನೀವೇ ಬರೆಯಬೇಕು. ಇಡೀ ಕೆಲಸದಲ್ಲಿ ಬೇಸರದ್ದು ಇದೇ. ನುಡಿಗಟ್ಟು ನಿಜವಾದ ಮಾತಿನಲ್ಲಿ ಎರಡು ಮೂರು ಸಲ ತಾನಾಗಿ ಬಂದರೆ ಮೂರನ್ನೂ ‘ಸಸ್ಪೆಂಡ್’ ಮಾಡಿ, ಅಂದರೆ ಮತ್ತೆ ಬಾರದಂತೆ ತಡೆಹಿಡಿಯಿರಿ, ಜಾಗ ಖಾಲಿಯಾಗಲಿ.